ಚೀನೀಯರ ಮನೆಗೆ ಹೋಗುವ ಮುನ್ನ: ಯಾವುದು ಆಗಿಬರುತ್ತದೆ, ಯಾವುದು ಆಗಿಬರಲ್ಲ

ನಮ್ಮ ಮನೆಗಳಲ್ಲಿ ದೀಪ ಆರಿಸು ಅನ್ನುವುದಿಲ್ಲ, ದೀಪ ದೊಡ್ಡದು ಮಾಡು ಅನ್ನುತ್ತೇವೆ. ಹೊರಡುವಾಗ ಹೋಗ್ತೀನಿ ಅನ್ನುವುದಿಲ್ಲ, ಹೋಗಿ ಬರ್ತೀನಿ ಅನ್ನುತ್ತೇವೆ. ಕುಂಕುಮ ಮುಗಿದಿದೆ ಅಂದರೆ ಅಜ್ಜಿ ಬೈಯುತ್ತಾರೆ, ಹೆಚ್ಚಿದೆ ಅನ್ನಬೇಕು. ರಾತ್ರಿ ಹೊತ್ತು ಹಾವಿನ ಹೆಸರೆತ್ತದೆ ಹುಳ ಅನ್ನುವವರು ಈಗಲೂ ಇದ್ದಾರೆ. ಇಷ್ಟು ನಿಮಗೆ ಗೊತ್ತಿದ್ದರೆ ಚೀನೀಯರ ಶಕುನ, ಅಪಶಕುನಗಳಲ್ಲಿ ಅರ್ಧ ಆಗಲೇ ಅರ್ಥವಾಗಿದೆ ಅಂತಲೇ ಲೆಕ್ಕ.

ಚೀನಾದ ಗ್ವಾಂಗ್‌ಝೌ, ಯೀವು ಕಡೆ ಸರಕು ತರಲು ಹೋಗುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಶೆನ್‌ಝೆನ್‌ಗೆ ಕಂಪನಿ ಕೆಲಸಕ್ಕೆ ಹೋಗುವವರು, ಮೆಡಿಕಲ್ ಓದಲು ಹೋದ ಮಕ್ಕಳು, ಸಿಂಗಪುರ, ಮಲೇಷ್ಯಾದಲ್ಲಿ ಚೀನೀ ಮೂಲದವರ ಪಕ್ಕದ ಮನೆಯಲ್ಲೇ ಇರುವವರು, ಎಲ್ಲರಿಗೂ ಒಂದಲ್ಲ ಒಂದು ದಿನ ಅವರ ಮನೆಯ ಊಟಕ್ಕೋ ಮದುವೆಗೋ ಕರೆ ಬಂದೇ ಬರುತ್ತದೆ. ಆಗ ಏನು ಒಯ್ಯಬೇಕು, ಎಷ್ಟು ಮುಯ್ಯಿ ಹಾಕಬೇಕು, ಏನು ಮಾತಾಡಬಾರದು ಅನ್ನುವ ಪ್ರಶ್ನೆ ಬರುತ್ತದೆ. ನಾನು ಕೆಲವು ವರ್ಷ ಗ್ವಾಂಗ್‌ಝೌನಲ್ಲಿ ಇದ್ದಾಗ ನೋಡಿದ್ದು, ಅಲ್ಲಿನ ಗೆಳೆಯರಿಂದ ಕಲಿತಿದ್ದು, ಆಮೇಲೆ ಓದಿ ತಿಳಿದಿದ್ದು ಎಲ್ಲ ಸೇರಿಸಿ ಬರೆಯುತ್ತಿದ್ದೇನೆ. ಇವನ್ನು ನೀವು ನಂಬಬೇಕಾಗಿಲ್ಲ. ಊಟಕ್ಕೆ ಕರೆದವರ ಮನಸ್ಸಿಗೆ ನೋವಾಗಬಾರದು, ನನ್ನ ಕಾಳಜಿ ಅಷ್ಟೇ.

ಮೊದಲ ಹೆಜ್ಜೆ: ಕಣ್ಣಿಗಿಂತ ಕಿವಿ ತೆರೆದಿಡಿ

ಇದೊಂದು ಅರ್ಥವಾದರೆ ಉಳಿದದ್ದನ್ನು ಬಾಯಿಪಾಠ ಮಾಡುವ ಕಷ್ಟವೇ ಇಲ್ಲ. ಚೀನಾದ ಮುಖ್ಯ ಭಾಷೆಯಾದ ಮ್ಯಾಂಡರಿನ್‌ನಲ್ಲಿ ಉಚ್ಚಾರಗಳು ಬಹಳ ಕಡಿಮೆ. ಸ್ವರದ ಏರಿಳಿತ ಬಿಟ್ಟು ಎಣಿಸಿದರೆ ಸುಮಾರು 400 ಮಾತ್ರ. ಸಾವಿರಾರು ಪದಗಳು ಆ ನಾನೂರರಲ್ಲೇ ಹಂಚಿಕೊಂಡು ಬದುಕಬೇಕು. ಹಾಗಾಗಿ ಒಂದು ಪದ ಹೇಳಿದರೆ ಅದೇ ಸದ್ದಿನ ಇನ್ನೊಂದು ಪದ ಕಿವಿಯಲ್ಲಿ ಮೊಳಗುತ್ತದೆ. ಆ ಇನ್ನೊಂದು ಪದ ಒಳ್ಳೆಯದಾದರೆ ಶುಭ, ಕೆಟ್ಟದ್ದಾದರೆ ಅಶುಭ. ಚೀನೀ ಶಕುನಗಳಲ್ಲಿ ಬಹುಪಾಲು ಹುಟ್ಟಿದ್ದೇ ಇಲ್ಲಿಂದ.

ಇದು ಎಷ್ಟು ಆಳಕ್ಕೆ ಇಳಿದಿದೆ ಅಂದರೆ, ಅವರು ದಿನಾ ಊಟ ಮಾಡುವ ಕಡ್ಡಿಗಳ ಹೆಸರೇ ಒಂದು ಅಪಶಕುನದಿಂದ ಬದಲಾಗಿದೆ. ಹಿಂದೆ ಆ ಕಡ್ಡಿಗಳಿಗೆ ‘ಜೂ’ ಎನ್ನುತ್ತಿದ್ದರು. ಅದೇ ಸದ್ದಿನ ಇನ್ನೊಂದು ಪದಕ್ಕೆ ‘ನಿಲ್ಲು’ ಅಂತ ಅರ್ಥ. ದೋಣಿ ನಡೆಸಿ ಹೊಟ್ಟೆ ಹೊರೆಯುವವರಿಗೆ ದಿನಕ್ಕೆ ಮೂರು ಹೊತ್ತು ‘ನಿಲ್ಲು, ನಿಲ್ಲು’ ಅಂತ ಕೇಳಿಸಿಕೊಳ್ಳುವುದು ಇಷ್ಟವಾಗಲಿಲ್ಲ. ಅವರು ಅದನ್ನು ‘ಕ್ವಾಯ್’ ಅಂದರು, ಅಂದರೆ ‘ಬೇಗ’. ಮಿಂಗ್ ರಾಜವಂಶದ ಕಾಲದ ಬರಹದಲ್ಲೇ ಈ ಮಾತು ದಾಖಲಾಗಿದೆ. ಇವತ್ತು ಇಡೀ ಚೀನಾ ಅದನ್ನು ‘ಕ್ವಾಯ್‌ಜ’ ಅಂತಲೇ ಕರೆಯುತ್ತದೆ. ಅಂಬಿಗರ ಒಂದು ಭಯ ಒಂದು ದೇಶದ ಊಟದ ಮೇಜಿಗೆ ಬಂದು ಕೂತಿದೆ, ನನಗೆ ಇದು ಎಷ್ಟು ಸಲ ನೆನೆದರೂ ಸಾಲದು.

ಗ್ವಾಂಗ್‌ಝೌ, ಹಾಂಗ್‌ಕಾಂಗ್ ಕಡೆ ಆಡುವ ಕಾಂಟೊನೀಸ್‌ನಲ್ಲಿ ಇದು ಇನ್ನೂ ಜಾಸ್ತಿ. ಅಲ್ಲಿ ‘ಖಾಲಿ’ ಅನ್ನುವ ಪದ ‘ಅಶುಭ’ ಅನ್ನುವ ಪದದ ಹಾಗೇ ಕೇಳುತ್ತದೆ, ಆದ್ದರಿಂದ ಖಾಲಿ ಮನೆ ಬಾಡಿಗೆಗಿದೆ ಅಂತ ಬೋರ್ಡ್ ಹಾಕುವುದಿಲ್ಲ, ‘ಶುಭದ ಮನೆ ಬಾಡಿಗೆಗಿದೆ’ ಅಂತ ಹಾಕುತ್ತಾರೆ. ಪಿತ್ತಜನಕಾಂಗಕ್ಕೆ ಇರುವ ಪದ ‘ಒಣಗಿದ್ದು’ ಅಂದ ಹಾಗೆ ಕೇಳುತ್ತದೆ. ಒಣಗಿದ್ದು ಅಂದರೆ ಜೇಬು ಖಾಲಿ. ಹಾಗಾಗಿ ಮಾಂಸದ ಅಂಗಡಿಯಲ್ಲಿ ಅದಕ್ಕೆ ‘ತೇವ’ ಎಂಬ ಅರ್ಥದ ಬೇರೆ ಹೆಸರು. ನಮ್ಮಲ್ಲಿ ಒಂಟಿಕೊಪ್ಪಲ್ ಪಂಚಾಂಗ ಇದ್ದ ಹಾಗೆ ಅವರಲ್ಲೂ ಒಂದು ಪಂಚಾಂಗ ಇದೆ, ಯಾವ ದಿನ ಏನು ಮಾಡಬಹುದು, ಏನು ಮಾಡಬಾರದು ಅಂತ ದಿನದಿನದ ಪಟ್ಟಿ ಇರುತ್ತದೆ. ಅದರ ಹೆಸರಲ್ಲಿ ‘ಪುಸ್ತಕ’ ಎಂಬ ಪದ ಇತ್ತು. ಆದರೆ ‘ಪುಸ್ತಕ’ ಅಂದರೆ ‘ಸೋಲು’ ಅಂದ ಹಾಗೆ ಕೇಳುತ್ತದಲ್ಲ, ಅದಕ್ಕೆ ಕಾಂಟೊನೀಸ್ ಜನ ಹೆಸರನ್ನೇ ‘ತುಂಗ್ ಶಿಂಗ್’ ಅಂತ ಮಾಡಿಬಿಟ್ಟರು. ಎಲ್ಲದರಲ್ಲೂ ಗೆಲುವು ಅಂತ ಅರ್ಥ.

ಹಾಗಾಗಿ ಏನಾದರೂ ‘ಆಗಿಬರಲ್ಲ’ ಅಂತ ಯಾರಾದರೂ ಹೇಳಿದರೆ ಯಾಕೆ ಅಂತ ಕೇಳುವ ಬದಲು ‘ಅದರ ಸದ್ದು ಯಾವುದರ ಹಾಗಿದೆ?’ ಅಂತ ಕೇಳಿ. ಖುಷಿಯಿಂದ ಹೇಳುತ್ತಾರೆ.

ಎರಡನೇ ಹೆಜ್ಜೆ: ಉಡುಗೊರೆ ಕಟ್ಟುವ ಮೊದಲು

ಗಡಿಯಾರ ಬೇಡವೇ ಬೇಡ. ಗೋಡೆ ಗಡಿಯಾರ, ಟೇಬಲ್ ಗಡಿಯಾರ ಯಾವುದೂ ಬೇಡ. ‘ಗಡಿಯಾರ ಕೊಡುವುದು’ ಎಂಬುದನ್ನು ‘ಸೊಂಗ್ ಜೊಂಗ್’ ಎನ್ನುತ್ತಾರೆ. ಸಾಯುವವರ ಕೊನೆಗಾಲದಲ್ಲಿ ಪಕ್ಕದಲ್ಲಿದ್ದು ಕಳಿಸಿಕೊಡುವುದಕ್ಕೂ ‘ಸೊಂಗ್ ಜೊಂಗ್’ ಅಂತಲೇ. ವಯಸ್ಸಾದವರ ಮನೆಗೆ ಗಡಿಯಾರ ಒಯ್ದರೆ ಹೇಗಿರುತ್ತದೆ ನೀವೇ ಯೋಚಿಸಿ. 2015ರ ಜನವರಿಯಲ್ಲಿ ಬ್ರಿಟನ್ನಿನ ಸಾರಿಗೆ ಸಚಿವೆ ಸೂಸನ್ ಕ್ರೇಮರ್ ಅವರು ತೈವಾನ್‌ನ ತೈಪೆ ನಗರದ ಮೇಯರ್ ಕೊ ವೆನ್-ಜೆ ಅವರಿಗೆ ಒಂದು ಪಾಕೆಟ್ ವಾಚ್ ಕೊಟ್ಟರು. ಮೇಯರ್ ಪತ್ರಕರ್ತರ ಮುಂದೆ, ಅದನ್ನು ಗುಜರಿಗೆ ಮಾರಬಹುದು ಎಂಬ ಮಾತಾಡಿದರು. ಸಚಿವೆ ಕ್ಷಮೆ ಕೇಳಿದರು, ಇದು ಗೊತ್ತಿರಲಿಲ್ಲ ಎಂದರು. ನಿಜ ಹೇಳಬೇಕೆಂದರೆ ಕೈಗಡಿಯಾರಕ್ಕೆ ಚೀನೀ ಭಾಷೆಯಲ್ಲಿ ಬೇರೆಯೇ ಪದ ಇದೆ, ಅದನ್ನು ಹೆಚ್ಚಿನವರು ತಪ್ಪು ತಿಳಿಯುವುದಿಲ್ಲ. ಆದರೂ ಹಿರಿಯರಿಗೆ ಕೊಡುವ ಮೊದಲು ಎರಡು ಸಲ ಯೋಚಿಸಿ.

ಕೊಡೆ ‘ಸಾನ್’. ಚದುರಿಹೋಗುವುದಕ್ಕೂ ಅದೇ ಸದ್ದು, ಸ್ವರ ಮಾತ್ರ ಬೇರೆ. ಹೊಸ ಜೋಡಿಗೆ, ಗೆಳೆಯರಿಗೆ ಕೊಡಬೇಡಿ. ಪೇರ್ ಹಣ್ಣನ್ನು ಹೆಚ್ಚಿ ಹಂಚಿಕೊಳ್ಳುವುದು ‘ಫೆನ್ ಲೀ’, ಅಗಲುವುದೂ ‘ಫೆನ್ ಲೀ’. ಹಾಗಾಗಿ ಗಂಡಹೆಂಡಿರು ಒಂದೇ ಪೇರ್ ಹಣ್ಣನ್ನು ಹಂಚಿಕೊಂಡು ತಿನ್ನುವುದಿಲ್ಲ. ಇಡೀ ಹಣ್ಣು ಒಬ್ಬರೇ ತಿನ್ನಲಿ, ತೊಂದರೆಯಿಲ್ಲ. ಚಪ್ಪಲಿ, ಶೂ ಕೊಡುವುದೂ ಒಳ್ಳೆಯದಲ್ಲ. ಚಾಕು, ಕತ್ತರಿ ಕೊಟ್ಟರೆ ಸಂಬಂಧ ಕತ್ತರಿಸಿದ ಹಾಗೆ. ಕರವಸ್ತ್ರ ಸಾವಿನ ಮನೆಯನ್ನು ನೆನಪಿಸುತ್ತದೆ, ಅದು ಅಂತ್ಯಕ್ರಿಯೆಗೆ ಬಂದವರಿಗೆ ಕೊಡುವ ವಸ್ತು. ಬಿಳಿ, ಹಳದಿ ಸೇವಂತಿಗೆಯೂ ಸಮಾಧಿಗೆ ಇಡುವ ಹೂವು. ನಮ್ಮಲ್ಲಿ ಸೇವಂತಿಗೆ ಇಲ್ಲದೆ ಪೂಜೆಯೇ ಇಲ್ಲ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತಿದ್ದೇನೆ.

ಗಂಡಸರಿಗೆ ಹಸಿರು ಟೋಪಿ ಕೊಡಬೇಡಿ. ಹಸಿರು ಟೋಪಿ ಹಾಕಿದವನು ಅಂದರೆ ಹೆಂಡತಿ ಬೇರೆಯವನ ಜೊತೆ ಹೋದವನು ಅಂತ ಅರ್ಥ. ಯುವಾನ್, ಮಿಂಗ್ ರಾಜವಂಶಗಳ ಕಾಲದಲ್ಲಿ ವೇಶ್ಯಾವೃತ್ತಿಯ ಮನೆಗಳ ಗಂಡಸರು ಹಸಿರು ತಲೆವಸ್ತ್ರ ಕಟ್ಟಬೇಕೆಂಬ ಕಟ್ಟಳೆ ಇತ್ತು, ಮಾತು ಅಲ್ಲಿಂದ ಬಂದಿದೆ. ನಮ್ಮ ಕೆಲವು ಕಂಪನಿಗಳು ವ್ಯಾಪಾರ ಮೇಳಗಳಲ್ಲಿ ಹಂಚಲು ಟೋಪಿ ಮಾಡಿಸುತ್ತವೆ. ಬಣ್ಣ ನೋಡಿ ಆರಿಸಿ.

ಹಾಗಾದರೆ ಏನು ಒಯ್ಯಬೇಕು? ಚನ್ನಪಟ್ಟಣದ ಬೊಂಬೆ ತುಂಬ ಒಳ್ಳೆಯದು, ಕೆಂಪು, ಹಳದಿ ಅರಗಿನ ಬಣ್ಣ ಅವರಿಗೆ ಬಹಳ ಹಿಡಿಸುತ್ತದೆ. ಕೊಡಗಿನ ಕಾಫಿಪುಡಿ, ಮೈಸೂರು ಸ್ಯಾಂಡಲ್ ಸೋಪು, ಮೈಸೂರು ಪಾಕ್ ಎಲ್ಲವೂ ನಡೆಯುತ್ತದೆ. ಕೆಂಪು ಅಥವಾ ಬಂಗಾರದ ಬಣ್ಣದ ಕಾಗದದಲ್ಲಿ ಸುತ್ತಿ, ಬಿಳಿ ಬೇಡ. ಜೋಡಿಯಾಗಿ ಕೊಡಿ, ಎರಡು, ಆರು, ಎಂಟು. ನಾಲ್ಕು ಮಾತ್ರ ಬೇಡ. ಎರಡೂ ಕೈಯಲ್ಲಿ ಹಿಡಿದು ಕೊಡಿ. ಅವರು ನಿಮ್ಮ ಮುಂದೆ ಬಿಚ್ಚಿ ನೋಡದೆ ಪಕ್ಕಕ್ಕಿಟ್ಟರೆ ಬೇಜಾರಾಗಬೇಡಿ, ಅದು ಮರ್ಯಾದೆ.

ಮೂರನೇ ಹೆಜ್ಜೆ: ಮುಯ್ಯಿ ಲೆಕ್ಕ

ಇಲ್ಲಿ ನಾವು ತುಂಬ ಎಚ್ಚರವಾಗಿರಬೇಕು. ನಮ್ಮ ಪದ್ಧತಿಗೂ ಅವರ ಪದ್ಧತಿಗೂ ಸರಿಯಾಗಿ ತಿರುವುಮುರುವು.

ಗ್ವಾಂಗ್‌ಝೌನಲ್ಲಿ ಜೊತೆಯಲ್ಲಿ ಕೆಲಸ ಮಾಡುವ ಹುಡುಗಿಯ ಮದುವೆಗೆ ಹೋಗಿದ್ದೆ. ಊರಲ್ಲಿ ಮಾಡುವ ಹಾಗೇ 501 ಯುವಾನ್ ಕೆಂಪು ಕವರಿನಲ್ಲಿ ಹಾಕಿಕೊಂಡಿದ್ದೆ. ಮೇಲೊಂದು ರೂಪಾಯಿ ಇಲ್ಲದೆ ನಮ್ಮ ಕೈ ಮುಯ್ಯಿ ಕೊಡುವುದೇ ಇಲ್ಲ ಅಲ್ವಾ? ಪಕ್ಕದಲ್ಲಿ ಕೂತಿದ್ದ ಗೆಳತಿ ಕವರ್ ನೋಡಿ, ಎಷ್ಟು ಹಾಕಿದ್ದೀಯ ಅಂತ ಮೆಲ್ಲಗೆ ಕೇಳಿದಳು. ಹೇಳಿದೆ. ಆ ಒಂದನ್ನು ತೆಗೆದುಬಿಡು, ಇನ್ನೊಂದು ನೂರರ ನೋಟು ಸೇರಿಸು, 600 ಮಾಡು ಅಂದಳು. ಆಮೇಲೆ ಕಾರಣ ಹೇಳಿದಳು. ಶುಭಕಾರ್ಯಕ್ಕೆ ಸಮಸಂಖ್ಯೆ, ಯಾಕೆಂದರೆ ಒಳ್ಳೆಯದು ಜೋಡಿಯಾಗಿ ಬರಬೇಕು. ಬೆಸಸಂಖ್ಯೆ ಸಾವಿನ ಮನೆಗೆ. ಹಾಂಗ್‌ಕಾಂಗ್‌ನಲ್ಲಿ ಸಾವಿನ ಮನೆಗೆ ಕೊಡುವ ಬಿಳಿ ಕವರಿನಲ್ಲಿ 101, 501 ಡಾಲರ್ ಇಡುವುದು ರೂಢಿ. ನಾವು ಮುಂದಕ್ಕೂ ನಡೆಯಲಿ, ಮುಗಿಯದಿರಲಿ ಅಂತ ಒಂದು ಸೇರಿಸುತ್ತೇವೆ. ಅವರು ದುಃಖ ಜೋಡಿಯಾಗಿ ಬರದಿರಲಿ ಅಂತ ಒಂದು ಸೇರಿಸುತ್ತಾರೆ. ಆ ಗೆಳತಿಗೆ ನಾನು ಇವತ್ತಿಗೂ ಋಣಿ.

ಈ ಕೆಂಪು ಕವರಿಗೆ ಮ್ಯಾಂಡರಿನ್‌ನಲ್ಲಿ ‘ಹೊಂಗ್‌ಬಾವ್’, ಕಾಂಟೊನೀಸ್‌ನಲ್ಲಿ ‘ಲೈ ಸೀ’. ನೋಟು ಹೊಸದಿರಲಿ, ಮಡಿಸಿ ಮುದುರಿದ್ದು ಬೇಡ. ನಾಲ್ಕು ಬರುವ ಮೊತ್ತ ಬೇಡ. ನಾಲ್ಕಕ್ಕೆ ‘ಸ್ಸ’, ಸಾವಿಗೂ ‘ಸ್ಸ’, ಸ್ವರ ಮಾತ್ರ ಬೇರೆ. ಅನೇಕ ಕಟ್ಟಡಗಳ ಲಿಫ್ಟಿನಲ್ಲಿ 4, 14, 24 ಇರುವುದೇ ಇಲ್ಲ. ಹಾಂಗ್‌ಕಾಂಗ್‌ನ ಕೆಲವು ಕಟ್ಟಡಗಳಲ್ಲಿ 39 ಆದ ಮೇಲೆ ನೇರ 50. ಎಂಟಕ್ಕೆ ‘ಬಾ’, ಅದು ‘ಫಾ’ ಅಂದರೆ ಏಳಿಗೆ ಎಂಬುದಕ್ಕೆ ಹತ್ತಿರ. ಬೀಜಿಂಗ್ ಒಲಿಂಪಿಕ್ಸ್ ಶುರುವಾಗಿದ್ದು 2008ರ ಎಂಟನೇ ತಿಂಗಳ ಎಂಟನೇ ತಾರೀಖು ರಾತ್ರಿ ಎಂಟಕ್ಕೆ. 2003ರಲ್ಲಿ ಸಿಚುವಾನ್ ಏರ್‌ಲೈನ್ಸ್ 8888 8888 ಅನ್ನುವ ಫೋನ್ ನಂಬರಿಗೆ ಹರಾಜಿನಲ್ಲಿ 23.3 ಲಕ್ಷ ಯುವಾನ್ ಕೊಟ್ಟಿತು. ಆರು ಅಂದರೆ ಸರಾಗ, ಒಂಬತ್ತು ಅಂದರೆ ದೀರ್ಘಕಾಲ.

ವ್ಯಾಪಾರ ಮಾಡುವವರಿಗೆ ಇನ್ನೊಂದು ಮಾತು. ಚೌಕಾಸಿ ಮಾಡುವಾಗ 250 ಎಂಬ ಬೆಲೆ ಹೇಳಬೇಡಿ, ಅದರಲ್ಲೂ ಎದುರಿನವರನ್ನು ತೋರಿಸಿ ಆ ಸಂಖ್ಯೆ ಹೇಳಬೇಡಿ. ‘ಅರ್ ಬಾಯ್ ವೂ’, ಅಂದರೆ ಇನ್ನೂರೈವತ್ತು, ಪೆದ್ದ ಅನ್ನುವ ಬೈಗುಳ. 248 ಅನ್ನಿ, 260 ಅನ್ನಿ.

ನಾಲ್ಕನೇ ಹೆಜ್ಜೆ: ಊಟದ ಮೇಜು

ಕಡ್ಡಿಗಳನ್ನು ಅನ್ನದ ಬಟ್ಟಲಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ. ಉಳಿದ ಎಲ್ಲ ಮರೆತರೂ ಇದನ್ನು ಮರೆಯಬೇಡಿ. ಸತ್ತವರ ಮುಂದೆ ಅನ್ನದ ಬಟ್ಟಲಿಟ್ಟು ಅದರಲ್ಲಿ ಕಡ್ಡಿ ಚುಚ್ಚಿಡುತ್ತಾರೆ, ಧೂಪದ ಕಡ್ಡಿ ನೆಟ್ಟ ಹಾಗೂ ಕಾಣುತ್ತದೆ. ನಮ್ಮಲ್ಲಿ ಪಿಂಡದ ನೆನಪು ತರುವ ಕೆಲಸವನ್ನು ಯಾರಾದರೂ ಊಟದ ಎಲೆಯ ಮುಂದೆ ಮಾಡಿದರೆ ಹೇಗನಿಸುತ್ತದೆ, ಅಷ್ಟೇ ಅವರಿಗೂ. ಬಳಸದಾಗ ಕಡ್ಡಿಗಳನ್ನು ಅಡ್ಡವಾಗಿ ಅದರ ಪುಟ್ಟ ಆಸರೆಯ ಮೇಲೆ ಇಡಿ. ಉದ್ದಗಿಡ್ಡ ಇರುವ ಜೋಡಿ ಸಿಕ್ಕಿದರೆ ಬದಲಾಯಿಸಿಕೊಳ್ಳಿ. ‘ಮೂರು ಉದ್ದ ಎರಡು ಗಿಡ್ಡ’ ಅನ್ನುವುದು ಚೀನೀ ಭಾಷೆಯಲ್ಲಿ ಸಾವು, ಅನಾಹುತಕ್ಕೆ ಇರುವ ಮಾತು, ಶವಪೆಟ್ಟಿಗೆಯ ಹಲಗೆಗಳಿಂದ ಬಂದಿದ್ದು ಅಂತ ಹೇಳುತ್ತಾರೆ. ಕಡ್ಡಿಯಿಂದ ಬಟ್ಟಲು ಬಡಿಯಬೇಡಿ, ಹಾಗೆ ಬಡಿಯುತ್ತಿದ್ದವರು ಭಿಕ್ಷುಕರು.

ಮೀನು ಬಂದರೆ, ಅದರಲ್ಲೂ ಕಡಲ ತೀರದ ಊರುಗಳಲ್ಲಿ, ಒಂದು ಬದಿ ತಿಂದಾದ ಮೇಲೆ ತಿರುಗಿಸಿ ಹಾಕಬೇಡಿ. ತಿರುಗಿಸುವುದು ಅಂದರೆ ದೋಣಿ ಮಗುಚಿದ ಹಾಗೆ. ಮುಳ್ಳನ್ನು ಎತ್ತಿ ತೆಗೆದು ಕೆಳಗಿನ ಭಾಗ ತಿನ್ನುತ್ತಾರೆ. ವಾಹನ ಓಡಿಸುವವರೂ ಇದನ್ನು ಪಾಲಿಸುತ್ತಾರೆ. ನೀವು ಮೀನು ತಿನ್ನದವರಾದರೆ ಸುಮ್ನೆ ಮುಟ್ಟದೆ ಬಿಡಿ. ಹೊಸ ವರ್ಷದ ಊಟದಲ್ಲಂತೂ ಮೀನನ್ನು ಪೂರ್ತಿ ಖಾಲಿ ಮಾಡುವುದಿಲ್ಲ, ಯಾಕೆಂದರೆ ಮೀನಿಗೆ ‘ಯೂ’, ಮಿಗುವುದಕ್ಕೂ ‘ಯೂ’.

ಚಹಾದ ಕಪ್ಪನ್ನು ತುಂಬಿ ತುಳುಕಿಸುವುದಿಲ್ಲ, ಮುಕ್ಕಾಲು ಸಾಕು. ತುಂಬಿಸಿದರೆ ಕುಡಿದು ಬೇಗ ಎದ್ದು ಹೋಗು ಅಂದ ಹಾಗೆ. ಮದ್ಯದ ಲೋಟ ಮಾತ್ರ ತುಂಬಬೇಕು. ಟೀ ಕೆಟಲಿನ ಮೂತಿ ಯಾರ ಕಡೆಗೂ ಮುಖ ಮಾಡದಂತೆ ಇಡಿ. ಬಟ್ಟಲಲ್ಲಿ ಅನ್ನದ ಅಗುಳು ಬಿಟ್ಟರೆ ಮುಖದ ತುಂಬ ಸಿಡುಬಿನ ಕಲೆ ಇರುವ ಗಂಡ ಅಥವಾ ಹೆಂಡತಿ ಸಿಗುತ್ತಾರೆ ಅಂತ ಮಕ್ಕಳಿಗೆ ಹೇಳುತ್ತಾರೆ. ಬಿಸಾಡಬಾರದು ಅಂತ ಕಲಿಸಲು ಅಜ್ಜಿಯರು ಎಲ್ಲ ಊರಲ್ಲೂ ಒಂದೇ ದಾರಿ ಹಿಡಿದಿದ್ದಾರೆ.

ಐದನೇ ಹೆಜ್ಜೆ: ಮನೆಯೊಳಗೆ, ಮಾತಿನೊಳಗೆ

ಹಳೆಯ ಮನೆ, ದೇವಸ್ಥಾನಗಳಲ್ಲಿ ಹೊಸ್ತಿಲು ತುಳಿಯದೆ ದಾಟಿ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಾಗಿಲ ಮೇಲೆ ‘ಫೂ’ ಅಂದರೆ ಸೌಭಾಗ್ಯ ಎಂಬ ಅಕ್ಷರ ತಲೆಕೆಳಗಾಗಿ ಅಂಟಿಸಿದ್ದರೆ ಸರಿ ಮಾಡಲು ಹೋಗಬೇಡಿ. ತಲೆಕೆಳಗು ಅನ್ನುವುದಕ್ಕೆ ‘ದಾವ್’, ಬಂದು ತಲುಪಿತು ಅನ್ನುವುದಕ್ಕೂ ‘ದಾವ್’. ಸೌಭಾಗ್ಯ ಬಂತು ಅಂತ ಅವರು ಬೇಕೆಂದೇ ಹಾಗೆ ಅಂಟಿಸಿರುತ್ತಾರೆ. ಮಲಗಲು ಜಾಗ ಕೊಟ್ಟರೆ ಕಾಲು ಬಾಗಿಲ ಕಡೆ ಚಾಚಬೇಡಿ, ಹೆಣವನ್ನು ಹಾಗೆ ಹೊರಗೆ ಒಯ್ಯುತ್ತಾರೆ ಎಂಬ ಕಾರಣಕ್ಕೆ.

ಯಾರ ಹೆಸರನ್ನೂ ಕೆಂಪು ಶಾಯಿಯಲ್ಲಿ ಬರೆಯಬೇಡಿ. ಕಚೇರಿಯ ಬಿಳಿ ಬೋರ್ಡಿನ ಮೇಲೆ ಕೈಗೆ ಸಿಕ್ಕ ಮಾರ್ಕರ್ ತೆಗೆದುಕೊಂಡು ಬರೆಯುವವರು ಇದನ್ನು ಗಮನಿಸಿ. ಹಿಂದೆ ಮರಣದಂಡನೆಯಾದವರ ಹೆಸರಿಗೆ ಕೆಂಪು ಬಳಸುತ್ತಿದ್ದರು ಅನ್ನುವುದು ಅವರ ಮನಸ್ಸಿನಲ್ಲಿದೆ. ಯಾರಾದರೂ ಮಾಜಾಂಗ್ ಎಂಬ ಚೀನೀ ಬಿಲ್ಲೆಯಾಟ ಆಡುತ್ತಿದ್ದರೆ ಹಿಂದಿನಿಂದ ಹೋಗಿ ಭುಜ ತಟ್ಟಬೇಡಿ, ಪಕ್ಕದಲ್ಲಿ ಕೂತು ಪುಸ್ತಕವನ್ನೂ ಓದಬೇಡಿ. ಪುಸ್ತಕಕ್ಕೆ ‘ಶೂ’, ಸೋಲಿಗೂ ‘ಶೂ’.

ಮಾತಿಗೆ ಮಾತು ಬಂದಾಗ ನಾವು ಹೆಮ್ಮೆಯಿಂದ ಹೇಳುವ ಒಂದು ವಿಷಯ ಅವರಿಗೆ ಆಶ್ಚರ್ಯ ತರುತ್ತದೆ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ಗೌರವ. ಅವರಲ್ಲಿ ಹಿರಿಯರ ಹೆಸರನ್ನು ಮಗುವಿಗೆ ಇಡುವುದೇ ಇಲ್ಲ, ಆ ಹೆಸರಿನ ಅಕ್ಷರವನ್ನೂ ತಪ್ಪಿಸುತ್ತಾರೆ. ಅಜ್ಜನ ಹೆಸರು ಹಿಡಿದು ಮಗುವನ್ನು ಬೈಯುವುದು ಹೇಗೆ ಸಾಧ್ಯ? ಗಂಡನ ಹೆಸರು ಹೇಳದೆ ಒಡಪಿನಲ್ಲಿ ಮಾತ್ರ ಹೇಳುತ್ತಿದ್ದ ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಇದು ಕೂಡಲೇ ಅರ್ಥವಾದೀತು. ಆದರೆ ಒಂದು ಕಡೆ ಎರಡೂ ನಾಡುಗಳು ಸರಿಯಾಗಿ ಸೇರುತ್ತವೆ. ಹುಟ್ಟಿದ ಮಕ್ಕಳು ಉಳಿಯದಿದ್ದರೆ ನಮ್ಮ ಹಳ್ಳಿಗಳಲ್ಲಿ ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪ, ತಿಪ್ಪಿ ಅಂತ ಹೆಸರಿಡುತ್ತಿದ್ದರು. ಚೀನಾದ ಹಳ್ಳಿಗಳಲ್ಲಿ ‘ಗೋಶೆಂಗ್’ ಅಂತ ಇಡುತ್ತಿದ್ದರು, ನಾಯಿ ಬಿಟ್ಟ ಎಂಜಲು ಅಂತ ಅರ್ಥ. ಕೆಟ್ಟ ಕಣ್ಣು ಈ ಮಗುವಿನ ಕಡೆ ತಿರುಗದಿರಲಿ ಅಂತ. ಆ ಹೆಸರಿನ ವಯಸ್ಸಾದ ಒಬ್ಬರನ್ನು ಕಂಡಾಗ ನನಗೆ ನಮ್ಮೂರಿನ ತಿಪ್ಪಣ್ಣ ನೆನಪಾಗಿ ಗಂಟಲು ಕಟ್ಟಿತು.

ಕಣ್ಣು ಅದುರಿದರೆ? ನಮ್ಮಲ್ಲಿ ಗಂಡಸರಿಗೆ ಬಲಗಣ್ಣು, ಹೆಂಗಸರಿಗೆ ಎಡಗಣ್ಣು ಒಳ್ಳೆಯದು. ಅವರಲ್ಲಿ ಎಡಗಣ್ಣು ಅದುರಿದರೆ ಹಣ, ಬಲಗಣ್ಣು ಅದುರಿದರೆ ಕೇಡು.

ಇಂಜಿನಿಯರುಗಳಿಗೆ ಇಷ್ಟವಾಗುವ ಒಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ತೈವಾನ್‌ನ ಸರ್ವರ್ ಕೋಣೆಗಳಲ್ಲಿ ಯಂತ್ರಗಳ ಮೇಲೆ ‘ಕ್ವಾಯ್ ಕ್ವಾಯ್’ ಎಂಬ ತಿಂಡಿಯ ಪೊಟ್ಟಣ ಇಟ್ಟಿರುತ್ತಾರೆ. ಆ ಹೆಸರಿನ ಅರ್ಥ ‘ಜಾಣನ ಹಾಗೆ ಹೇಳಿದ ಮಾತು ಕೇಳು’. ಪೊಟ್ಟಣ ಹಸಿರು ಬಣ್ಣದ್ದೇ ಆಗಬೇಕು, ಹಸಿರು ದೀಪ ಅಂದರೆ ಯಂತ್ರ ಸರಿಯಿದೆ ಅಂತ. ಅವಧಿ ಮುಗಿದಿರಬಾರದು. ಹಸಿವಾಯಿತು ಅಂತ ತೆಗೆದು ತಿನ್ನಬೇಡಿ. ಆಯುಧಪೂಜೆಯ ದಿನ ಕಂಪ್ಯೂಟರಿಗೆ ಕುಂಕುಮ ಇಟ್ಟವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಆರನೇ ಹೆಜ್ಜೆ: ಹೊಸ ವರ್ಷದ ದಿನಗಳು

ಜನವರಿ ಕೊನೆಯಲ್ಲೋ ಫೆಬ್ರವರಿಯಲ್ಲೋ ಬರುವ ಹೊಸ ವರ್ಷಕ್ಕೆ ನೀವು ಅಲ್ಲಿದ್ದರೆ ಅತಿ ಹೆಚ್ಚು ಕಟ್ಟುಪಾಡು ಕಾಣುವುದು ಆಗಲೇ. ಮನೆ ಸ್ವಚ್ಛ ಮಾಡುವುದೆಲ್ಲ ಹಬ್ಬಕ್ಕೆ ಮುಂಚೆ ಮುಗಿಯಬೇಕು. ಮೊದಲ ದಿನ ಪೊರಕೆ ಮುಟ್ಟುವುದಿಲ್ಲ, ಕಸ ಹೊರಗೆ ಹಾಕುವುದಿಲ್ಲ, ಅದರ ಜೊತೆ ಮನೆಯ ಭಾಗ್ಯವೂ ಹೊರಗೆ ಹೋಗುತ್ತದೆ ಅಂತ. ದೀಪ ಹಚ್ಚಿದ ಮೇಲೆ ಗುಡಿಸಿದರೆ ಲಕ್ಷ್ಮಿ ಹೋಗುತ್ತಾಳೆ ಅನ್ನುವ ನಮ್ಮ ಮನೆಗಳ ಮಾತೇ ಇದು. ಅವತ್ತು ತಲೆ ತೊಳೆಯುವುದಿಲ್ಲ, ಯಾಕೆಂದರೆ ಕೂದಲು ಎಂಬ ಪದ ಏಳಿಗೆಯ ‘ಫಾ’ ಸದ್ದಿನದ್ದೇ. ಬೆಳಿಗ್ಗೆ ಗಂಜಿ ಕುಡಿಯುವುದಿಲ್ಲ, ಗಂಜಿ ಬಡವರ ಊಟ, ವರ್ಷವೆಲ್ಲ ಹಾಗೇ ಆದೀತು ಅಂತ. ಚಾಕು, ಕತ್ತರಿ ಎತ್ತಿಡುತ್ತಾರೆ. ಸಾಲ ಕೇಳಬಾರದು, ಕೊಟ್ಟ ಸಾಲ ವಾಪಸ್ ಕೇಳಲೂಬಾರದು. ಮಕ್ಕಳನ್ನು ಅಳಿಸಬಾರದು, ಬೈಯಬಾರದು. ಸಾವು, ಕಾಯಿಲೆ, ಬಡತನದ ಮಾತು ಬೇಡ. ನಿಮ್ಮ ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ ಹಬ್ಬದ ದಿನ ಬೇರೆಯವರ ಮನೆಗೆ ಹೋಗದಿರುವುದು ಒಳ್ಳೆಯದು. ಸೂತಕ ಅಂದರೆ ಏನೆಂದು ನಮಗೆ ಗೊತ್ತು.

ಮೊದಲ ತಿಂಗಳು ಪೂರ್ತಿ ಕ್ಷೌರ ಮಾಡಿಸಿಕೊಂಡರೆ ಸೋದರಮಾವ ಸಾಯುತ್ತಾನೆ ಅನ್ನುವ ನಂಬಿಕೆ ಚೀನಾದ ಉತ್ತರ ಭಾಗದಲ್ಲಿ ಬಲವಾಗಿದೆ. ಮಗುವಿಗೆ ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಿಬರಲ್ಲ ಅಂತ ನಮ್ಮಲ್ಲೂ ಹೇಳುತ್ತಾರಲ್ಲ, ಪಾಪ, ಎರಡೂ ಕಡೆ ಭಾರವೆಲ್ಲ ಅವನ ಮೇಲೆ. ಅಲ್ಲಿ ಇದಕ್ಕೆ ಕೊಡುವ ಒಂದು ವಿವರಣೆ ನನಗೆ ಬಹಳ ಹಿಡಿಸಿತು. 1645ರಲ್ಲಿ ಮಂಚು ದೊರೆಗಳು ಎಲ್ಲ ಗಂಡಸರೂ ಮುಂದಲೆ ಬೋಳಿಸಿ ಹಿಂದೆ ಜಡೆ ಬಿಡಬೇಕೆಂದು ಆಜ್ಞೆ ಮಾಡಿದರು. ಹಳೆಯ ಮಿಂಗ್ ಕಾಲವನ್ನು ನೆನೆದವರು ಹೊಸ ವರ್ಷದ ತಿಂಗಳಲ್ಲಿ ಕೂದಲು ಮುಟ್ಟಲಿಲ್ಲ. ಹಳೆಯದನ್ನು ನೆನೆಯುವುದು ‘ಸ್ಸ ಜ್ಯೋ’. ಅದೇ ಸದ್ದು ಕಾಲ ಕಳೆದಂತೆ ‘ಮಾವ ಸಾಯುತ್ತಾನೆ’ ಎಂದು ಕೇಳಿಸತೊಡಗಿತು. ಇವತ್ತಿಗೂ ಎರಡನೇ ತಿಂಗಳ ಎರಡನೇ ದಿನ, ಅಂದರೆ ಡ್ರ್ಯಾಗನ್ ತಲೆ ಎತ್ತುವ ದಿನ, ಕ್ಷೌರದಂಗಡಿಗಳ ಮುಂದೆ ಸಾಲು ನಿಂತಿರುತ್ತದೆ. ನಿಮಗೆ ಕ್ಷೌರ ಬೇಕಿದ್ದರೆ ಹಬ್ಬಕ್ಕೆ ಮುಂಚೆ ಮಾಡಿಸಿಕೊಳ್ಳಿ.

ಅವರಲ್ಲಿ ಒಂದೊಂದು ವರ್ಷಕ್ಕೆ ಒಂದೊಂದು ಪ್ರಾಣಿಯ ಹೆಸರು, ನೀವು ಹುಟ್ಟಿದ ಪ್ರಾಣಿಯ ವರ್ಷ 12 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಅದು ಒಳ್ಳೆಯ ವರ್ಷ ಅಂದುಕೊಳ್ಳಬೇಡಿ, ಅವರ ಪ್ರಕಾರ ಕಷ್ಟದ ವರ್ಷ. ಯಾರಾದರೂ ಕೆಂಪು ಕಾಲುಚೀಲ, ಕೆಂಪು ಬೆಲ್ಟ್ ಅಥವಾ ಕೆಂಪು ಒಳಉಡುಪು ತಂದುಕೊಟ್ಟರೆ ಮುಜುಗರಪಡದೆ ತೆಗೆದುಕೊಳ್ಳಿ. ಅದು ನಮ್ಮ ತಾಯಿತದ ಹಾಗೆ.

ಏಳನೇ ಹೆಜ್ಜೆ: ಮದುವೆ, ಬಾಣಂತನ, ಆಸ್ಪತ್ರೆ

1966ರಲ್ಲಿ ಮಾವೋ ಆಳ್ವಿಕೆಯಲ್ಲಿ ಸಾಂಸ್ಕೃತಿಕ ಕ್ರಾಂತಿ ಶುರುವಾದಾಗ ‘ನಾಲ್ಕು ಹಳೆಯವು’ಗಳನ್ನು ಒಡೆಯಿರಿ ಎಂಬ ಕರೆ ಬಂತು. ಹಳೆಯ ಆಚಾರ, ಹಳೆಯ ಸಂಸ್ಕೃತಿ, ಹಳೆಯ ಅಭ್ಯಾಸ, ಹಳೆಯ ವಿಚಾರ. ಎಷ್ಟೋ ದೇವಸ್ಥಾನಗಳು ಹಾಳಾದವು. ಮದುವೆಗೆ ದಿನ ನೋಡುವುದು ಮಾತ್ರ ಹೋಗಲಿಲ್ಲ. 2024ರ ಫೆಬ್ರವರಿಯಲ್ಲಿ ಶುರುವಾದ ಡ್ರ್ಯಾಗನ್ ವರ್ಷದೊಳಗೆ, ಫೆಬ್ರವರಿ 4ರ ಆಸುಪಾಸಿಗೆ ಬೀಳುವ ವಸಂತ ಆರಂಭದ ದಿನ ಬರಲೇ ಇಲ್ಲ, ಹೊಸ ವರ್ಷ ಆ ದಿನ ಕಳೆದ ಮೇಲೆ ಬಂತು, ಮುಂದಿನದು ಬರುವ ಮೊದಲೇ ಮುಗಿಯಿತು. ಇಂಥದ್ದಕ್ಕೆ ‘ವಿಧವೆ ವರ್ಷ’ ಅನ್ನುತ್ತಾರೆ. 2023ರಲ್ಲಿ ಸುಮಾರು 76.8 ಲಕ್ಷ ಜೋಡಿಗಳು ಮದುವೆ ನೋಂದಣಿ ಮಾಡಿಸಿದ್ದರೆ 2024ರಲ್ಲಿ ಸುಮಾರು 61 ಲಕ್ಷ. ಕೆಲಸದ ಚಿಂತೆ, ಮನೆ ಬೆಲೆ, ಯುವಜನರ ಸಂಖ್ಯೆಯೇ ಕಡಿಮೆಯಾಗಿದ್ದು, ಹೀಗೆ ದೊಡ್ಡ ಕಾರಣಗಳು ಬೇರೆ ಇವೆ. ಆದರೂ ಆ ವರ್ಷ ಬೇಡ ಅಂದ ಅತ್ತೆಮಾವಂದಿರು ಕಡಿಮೆಯಿರಲಿಲ್ಲ.

ಮಗುವಾದ ಮನೆಯಲ್ಲಿ 30 ದಿನ ‘ತಿಂಗಳು ಕೂರುವುದು’ ಇರುತ್ತದೆ. ತಣ್ಣೀರು ಮುಟ್ಟುವುದಿಲ್ಲ, ಗಾಳಿಗೆ ಮೈ ಒಡ್ಡುವುದಿಲ್ಲ, ತಣ್ಣನೆಯದು ತಿನ್ನುವುದಿಲ್ಲ, ಹಳೆಯ ಕಾಲದವರು ತಲೆಯನ್ನೂ ತೊಳೆಯುವುದಿಲ್ಲ. ನಮ್ಮ ಬಾಣಂತನ ಕಂಡವರಿಗೆ ಹೊಸದೇನಲ್ಲ. ಕರೆಯದೆ ನೋಡಲು ಹೋಗಬೇಡಿ. ತಿಂಗಳು ತುಂಬಿದ ಮೇಲೆ ಕೆಂಪು ಬಣ್ಣ ಹಾಕಿದ ಮೊಟ್ಟೆ ಹಂಚಿ ಕರೆಯುತ್ತಾರೆ, ಆಗ ಹೋಗಿ. ಗರ್ಭಿಣಿ ಇರುವ ಮನೆಯಲ್ಲಿ ಮೊಳೆ ಹೊಡೆಯುವುದು, ಮಂಚ ಸರಿಸುವುದು ಬೇಡ. ಮೂರು ತಿಂಗಳು ತುಂಬುವ ತನಕ ಬಸುರಿನ ಸುದ್ದಿ ಹೊರಗೆ ಹೇಳುವುದಿಲ್ಲ, ನಿಮಗೆ ಗೊತ್ತಾದರೂ ಗುಟ್ಟಾಗಿಡಿ.

ಆಸ್ಪತ್ರೆಗೆ ಹಣ್ಣು ಒಯ್ಯುವಾಗ ಊರು ನೋಡಿಕೊಳ್ಳಿ. ಸೇಬಿಗೆ ‘ಪಿಂಗ್‌ಗ್ವೊ’, ಅದರಲ್ಲಿ ‘ಪಿಂಗ್ ಆನ್’ ಅಂದರೆ ಕ್ಷೇಮ ಎಂಬುದರ ಸದ್ದಿದೆ, ಆದ್ದರಿಂದ ಹೆಚ್ಚಿನ ಕಡೆ ಅದೇ ಒಳ್ಳೆಯ ಉಡುಗೊರೆ. ಆದರೆ ಶಾಂಘೈ ಆಡುಮಾತಿನಲ್ಲಿ ಅದೇ ಹೆಸರು ‘ಕಾಯಿಲೆಯಿಂದ ತೀರಿಹೋದರು’ ಅಂದ ಹಾಗೆ ಕೇಳುತ್ತದೆ. ಶಾಂಘೈನ ಅಜ್ಜಿಯ ಹಾಸಿಗೆ ಪಕ್ಕ ಸೇಬಿನ ಬುಟ್ಟಿ ಇಡಬೇಡಿ. ತೈವಾನ್‌ನಲ್ಲಿ ಡ್ಯೂಟಿಯಲ್ಲಿರುವ ಡಾಕ್ಟರಿಗೆ ಅನಾನಸ್ ಕೊಡಬೇಡಿ. ಅಂಗಡಿಯವರಿಗೆ ಅದು ಶುಭ, ವ್ಯಾಪಾರ ಭರ್ಜರಿಯಾಗುತ್ತದೆ ಅಂತ. ಎಮರ್ಜೆನ್ಸಿ ವಾರ್ಡಿನಲ್ಲಿ ಭರ್ಜರಿ ಅಂದರೆ ಯಾರಿಗೆ ಬೇಕು?

ಎಂಟನೇ ಹೆಜ್ಜೆ: ಏಳನೇ ತಿಂಗಳು

ಚಾಂದ್ರಮಾನದ ಏಳನೇ ತಿಂಗಳು, ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ, ಸತ್ತವರು ಭೂಮಿಗೆ ಬಂದುಹೋಗುವ ತಿಂಗಳು. ನಮ್ಮ ಪಿತೃಪಕ್ಷದ ಹಾಗೆ ಅಂದುಕೊಳ್ಳಿ, ಆದರೆ ಇಲ್ಲಿ ಮನೆಯ ಹಿರಿಯರ ಜೊತೆಗೆ ದಿಕ್ಕಿಲ್ಲದ ಆತ್ಮಗಳೂ ಬರುತ್ತವೆ. ರಸ್ತೆ ಬದಿ ಧೂಪ, ಹಣ್ಣು, ಅನ್ನ, ಸುಟ್ಟ ಕಾಗದದ ಹಣ ಕಾಣುತ್ತದೆ. ತುಳಿಯಬೇಡಿ, ದಾಟಬೇಡಿ, ಫೋಟೋಗಾಗಿ ಸರಿಸಬೇಡಿ. ಸಿಂಗಪುರ, ಮಲೇಷ್ಯಾದಲ್ಲಿ ಬಯಲಿನಲ್ಲಿ ‘ಗೆತಾಯ್’ ಎಂಬ ಹಾಡು ಕುಣಿತದ ವೇದಿಕೆ ಹಾಕುತ್ತಾರೆ. ಮೊದಲ ಸಾಲು ಖಾಲಿ ಇದೆ ಅಂತ ಹೋಗಿ ಕೂರಬೇಡಿ, ಅದು ಬಂದ ಆತ್ಮಗಳಿಗೆ ಮೀಸಲು. ರಾತ್ರಿ ಸಿಳ್ಳೆ ಹೊಡೆಯಬೇಡಿ. ಮದುವೆ, ಮನೆ ಬದಲಾಯಿಸುವುದು, ಅಂಗಡಿ ತೆರೆಯುವುದನ್ನು ಮುಂದಕ್ಕೆ ಹಾಕುತ್ತಾರೆ, ಹಾಗಾಗಿ ನೀವು ಒಪ್ಪಂದಕ್ಕೆ ಸಹಿ ಹಾಕಿಸಲು ಹೋಗುವವರಾದರೆ ತಾರೀಖು ಮೊದಲೇ ನೋಡಿಕೊಳ್ಳಿ.

ಕೊನೆಯ ಹೆಜ್ಜೆ: ತಪ್ಪು ನಡೆದುಹೋದರೆ

ಪರಿಹಾರಗಳು ಬಹಳ ಸರಳ. ಗಡಿಯಾರ ಕೊಟ್ಟುಬಿಟ್ಟಿದ್ದೀರಿ ಅಂದರೆ ಅವರಿಂದ ಒಂದು ಯುವಾನ್ ನಾಣ್ಯ ಕೇಳಿ ಪಡೆದುಕೊಳ್ಳಿ. ಆಗ ಅದು ಉಡುಗೊರೆಯಲ್ಲ, ಮಾರಿದ ಸಾಮಾನು. ಚಾಕುವಿಗೂ ಹಾಗೇ. ಕೆಟ್ಟ ಮಾತು ಬಾಯಿಂದ ಬಂದರೆ ನಮ್ಮ ಅಜ್ಜಿ ‘ಬಿಡ್ತು ಅನ್ನು’ ಅನ್ನುತ್ತಿದ್ದರಲ್ಲ, ಅವರಲ್ಲಿ ‘ಪೇ ಪೇ ಪೇ’ ಅಂತ ಉಗುಳಿದ ಹಾಗೆ ಮಾಡುತ್ತಾರೆ. ಗ್ವಾಂಗ್‌ಝೌ, ಹಾಂಗ್‌ಕಾಂಗ್ ಕಡೆ ‘ಚೋಯ್! ದಾಯ್ ಗಾತ್ ಲೈ ಸೀ’ ಅನ್ನುತ್ತಾರೆ. ಇದನ್ನು ಕಲಿತುಕೊಳ್ಳಿ, ಒಬ್ಬ ಹೊರಗಿನವರ ಬಾಯಲ್ಲಿ ಅದು ಬಂದರೆ ಇಡೀ ಮೇಜು ನಗುತ್ತದೆ, ಗಾಳಿ ಹಗುರವಾಗುತ್ತದೆ.

ಹಳೆಯ ಮನೆಗಳಲ್ಲಿ ಹಬ್ಬಕ್ಕೆ ಮುಂಚೆ ಗೋಡೆಗೆ ಒಂದು ಕೆಂಪು ಕಾಗದ ಅಂಟಿಸುತ್ತಿದ್ದರು, ‘ಮಕ್ಕಳ ಮಾತಿಗೆ ದೋಷವಿಲ್ಲ’ ಅಂತ ಅದರ ಮೇಲೆ ಬರೆದಿರುತ್ತಿತ್ತು. ಭಾಷೆ ಬಾರದ ನಮ್ಮನ್ನೂ ಅವರು ಆ ಮಕ್ಕಳ ಸಾಲಿನಲ್ಲೇ ಸೇರಿಸಿಕೊಳ್ಳುತ್ತಾರೆ, ನನ್ನ ಅನುಭವ ಅಂತೂ ಅದೇ.

ಹೊಸ ವರ್ಷದ ದಿನ ಕೈತಪ್ಪಿ ಬಟ್ಟಲು ಒಡೆದರೆ ಗಾಬರಿಯಾಗಬೇಡಿ. ‘ಸ್ವೇ ಸ್ವೇ ಪಿಂಗ್ ಆನ್’ ಅನ್ನಿ. ಚೂರಾಗುವುದೂ ‘ಸ್ವೇ’, ವರ್ಷವೂ ‘ಸ್ವೇ’, ವರ್ಷ ವರ್ಷವೂ ಕ್ಷೇಮ ಅಂತ ಆಗುತ್ತದೆ. ಆಮೇಲೆ ಚೂರುಗಳನ್ನು ಕೆಂಪು ಕಾಗದದಲ್ಲಿ ಸುತ್ತಿ ಮೂಲೆಯಲ್ಲಿಡಿ. ಐದನೇ ದಿನ ಪೊರಕೆ ಹೊರಗೆ ಬಂದಾಗ ಮನೆಯವರೇ ಅದನ್ನು ಕಸದ ಜೊತೆ ಒಯ್ದು ಹಾಕುತ್ತಾರೆ.